ಹಡಗು ಕಳೆದುಕೊಂಡು ಸಿಂಗಪುರಕ್ಕೆ ಬಂದ ಕಥೆಗಾರ

ಊರಿನಿಂದ ನೆಂಟರು ಬಂದರೆ ನಾವೆಲ್ಲರೂ ಅವರನ್ನು ಮರ್ಲಯನ್ ತೋರಿಸಲು ಕರೆದೊಯ್ಯುತ್ತೇವೆ, ಫೋಟೋ ತೆಗೆಸುತ್ತೇವೆ. ಅಲ್ಲೇ ಹತ್ತಿರ, ಫುಲರ್ಟನ್ ಹೋಟೆಲಿನ ಬಳಿ ಒಬ್ಬ ಲೇಖಕರ ನೆನಪಿನ ಫಲಕವಿದೆ. ಅದರ ಮುಂದೆ ನಿಲ್ಲುವವರು ಕಡಿಮೆ. ಆ ಲೇಖಕರೇ ಜೋಸೆಫ್ ಕಾನ್ರಾಡ್.

ಕಾನ್ರಾಡ್ 1857ರ ಡಿಸೆಂಬರ್ 3ರಂದು, ಈಗಿನ ಉಕ್ರೇನಿನ ಬೆರ್ದಿಚೆವ್‌ನಲ್ಲಿ ಪೋಲಿಷ್ ಮನೆತನದಲ್ಲಿ ಹುಟ್ಟಿದರು. ತಂದೆ ರಷ್ಯಾದ ಆಳ್ವಿಕೆಯನ್ನು ವಿರೋಧಿಸಿದ್ದಕ್ಕೆ ಇಡೀ ಕುಟುಂಬ ಗಡೀಪಾರಾಯಿತು. ಹನ್ನೊಂದನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರೂ ಇಲ್ಲ, ಸೋದರಮಾವ ಸಾಕಿದರು. ಹದಿನಾರು ತುಂಬಿದ್ದ ಹುಡುಗ ಹಡಗು ಸೇರಬೇಕೆಂದು ಫ್ರಾನ್ಸಿಗೆ ಹೊರಟ. ಇಂಗ್ಲಿಷ್ ಕಲಿತದ್ದು ಇಪ್ಪತ್ತರ ಆಸುಪಾಸಿನಲ್ಲಿ. ಪೋಲಿಷ್, ಫ್ರೆಂಚ್ ಆದಮೇಲೆ ಅದು ಮೂರನೆಯ ಭಾಷೆ. (ಎರಡನೆಯ ಭಾಷೆ ಕಷ್ಟವೆಂದು ನಮ್ಮ ಬಳಿ ದೂರು ತರುವ ಮಕ್ಕಳು ಇದನ್ನು ಗಮನಿಸಬೇಕು!)

1881ರಲ್ಲಿ ಅವರು 'ಪ್ಯಾಲೆಸ್ಟೈನ್' ಎಂಬ ಹಳೆಯ ಹಾಯಿಹಡಗಿನಲ್ಲಿ ಅಧಿಕಾರಿಯಾಗಿ ಸೇರಿದರು. ಕಲ್ಲಿದ್ದಲು ತುಂಬಿಕೊಂಡು ಇಂಗ್ಲೆಂಡಿನಿಂದ ಬ್ಯಾಂಕಾಕಿಗೆ ಹೋಗಬೇಕಿತ್ತು. ಬಿರುಗಾಳಿಗೆ ಹಾಯಿ ಹರಿಯಿತು, ಹಡಗಿನೊಳಗೆ ನೀರು ನುಗ್ಗಿತು. ಹಿಂದಿರುಗಿ ಫಾಲ್ಮತ್ ಬಂದರಿನಲ್ಲಿ ತಿಂಗಳುಗಟ್ಟಲೆ ರಿಪೇರಿಗೆ ನಿಂತು, 1882ರ ಸೆಪ್ಟೆಂಬರಿನಲ್ಲಿ ಮತ್ತೆ ಹೊರಟರು. ಕಲ್ಲಿದ್ದಲು ಗಾಳಿಯಲ್ಲಿನ ಆಮ್ಲಜನಕದೊಡನೆ ನಿಧಾನವಾಗಿ ಕೂಡಿ ತಾನೇ ಬಿಸಿಯಾಗುತ್ತದೆ. ರಾಶಿಯ ನಡುವಿನ ಆ ಬಿಸಿ ಹೊರಹೋಗಲು ದಾರಿಯಿಲ್ಲದಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ. 1883ರ ಮಾರ್ಚಿಯಲ್ಲಿ, ಸುಮಾತ್ರಾ ಸಮೀಪ, ಆದದ್ದು ಅದೇ. ಹೊಗೆ ಕಾಣಿಸಿತು, ನೀರು ಸುರಿದರು, ಮಾರ್ಚ್ 14ರಂದು ಸ್ಫೋಟವಾಗಿ ಅಟ್ಟವೇ ಕಿತ್ತುಹೋಯಿತು. ಒಂದು ಉಗಿಹಡಗು ಎಳೆದುಕೊಂಡು ಹೋಗಲು ಯತ್ನಿಸಿತು. ಉರಿ ಹೆಚ್ಚಿದ್ದರಿಂದ ಬಿಟ್ಟುಬಿಟ್ಟಿತು. ನಾವಿಕರು ದೋಣಿಗಳಿಗೆ ಇಳಿದು ಹತ್ತಿರದ ಬಾಂಕಾ ದ್ವೀಪದ ಮುಂಟೋಕ್ ಸೇರಿದರು. ಅಲ್ಲಿಂದ ಸಿಂಗಪುರಕ್ಕೆ. ಏಪ್ರಿಲ್ 2ರಂದು ಇಲ್ಲಿ ವಿಚಾರಣೆ ನಡೆದು, ನಾವಿಕರ ತಪ್ಪಿಲ್ಲವೆಂದು ತೀರ್ಮಾನವಾಯಿತು.

ಹದಿನೈದು ವರ್ಷಗಳ ನಂತರ, 1898ರಲ್ಲಿ, ಇದೇ ಅನುಭವ 'ಯೂತ್' ಎಂಬ ಪ್ರಸಿದ್ಧ ಸಣ್ಣಕಥೆಯಾಯಿತು. ಹಡಗು ಉರಿದಾಗ ಕಾನ್ರಾಡರಿಗೆ ಇಪ್ಪತ್ತೈದು. ಕಥಾನಾಯಕ ಮಾರ್ಲೋಗೆ ಇಪ್ಪತ್ತು. ನಿಜದಲ್ಲಿ ದಡ ದೂರವಿರಲಿಲ್ಲ. ಕಥೆಯಲ್ಲಿ ಹಗಲು ರಾತ್ರಿ ಹುಟ್ಟುಹಾಕುತ್ತಾರೆ. ಪುಟ್ಟ ದೋಣಿಯೊಂದಕ್ಕೆ ನಾಯಕನಾದೆನೆಂಬ ಹೆಮ್ಮೆ ಮಾರ್ಲೋಗೆ. ಎಲ್ಲರಿಗಿಂತ ಮೊದಲು ತಾನೇ ದಡ ಮುಟ್ಟಬೇಕೆಂಬ ಹಟ. ಒಂದು ಮಧ್ಯಾಹ್ನ ದೂರದಲ್ಲಿ ಹಡಗು ಕಂಡರೂ ಜೊತೆಗಿದ್ದ ಇಬ್ಬರಿಗೆ ಹೇಳುವುದಿಲ್ಲ, ಅದು ತಮ್ಮನ್ನು ಹಿಂದಕ್ಕೆ ಕರೆದೊಯ್ದೀತೆಂಬ ಭಯಕ್ಕೆ! ನಾವು ಮೊದಲ ಸಲ ಓದುವಾಗ ಈ ಸಾಲು ಗಮನಿಸದೆ ದಾಟಿದ್ದೆವು. ಈಗ ಮಕ್ಕಳ ತಂದೆತಾಯಿಯಾಗಿ ಓದಿದರೆ ಎದೆ ಝಲ್ಲೆನ್ನುತ್ತದೆ. ಆ ಇಬ್ಬರನ್ನು ಯಾರೂ ಕೇಳಲಿಲ್ಲವಲ್ಲ.

1887ರಲ್ಲಿ ಇನ್ನೊಂದು ಹಡಗಿನಲ್ಲಿ ಮರದ ತೊಲೆ ಬಡಿದು ಕಾನ್ರಾಡ್ ಸಿಂಗಪುರದ ಆಸ್ಪತ್ರೆ ಸೇರಿದರು. ಗುಣವಾದ ಮೇಲೆ 'ವಿಡಾರ್' ಎಂಬ ಉಗಿಹಡಗಿನಲ್ಲಿ ಇಲ್ಲಿಂದ ಬೋರ್ನಿಯೋಗೆ ಓಡಾಡಿದರು. ಅವರಿಗೆ ಪೆಟ್ಟಾದ ಹಡಗಿನ ಕ್ಯಾಪ್ಟನ್ನರ ಹೆಸರು 1902ರ 'ಟೈಫೂನ್' ಕಥೆಯಲ್ಲಿ ತುಸು ಬದಲಾಗಿ ಬಂದಿದೆ. ಅದರಲ್ಲಿ ಕ್ಯಾಪ್ಟನ್ ಮ್ಯಾಕ್‌ವರ್, ಕಾಣದ ಬಿರುಗಾಳಿಗೆ ಹೆದರಿ ಸುತ್ತುದಾರಿ ಹಿಡಿದು ಕಲ್ಲಿದ್ದಲು ದಂಡ ಮಾಡಲಾರೆನೆಂದು ನೇರ ಅದರೊಳಕ್ಕೇ ನಡೆಸುತ್ತಾನೆ. ಕೆಳಗೆ, ದುಡಿದು ಊರಿಗೆ ಮರಳುತ್ತಿದ್ದ ಇನ್ನೂರು ಚೀನೀ ಕೂಲಿಗಳು. ಹಡಗು ಹೇಗೋ ಉಳಿಯುತ್ತದೆ. ಅದು ಧೈರ್ಯವೋ ಮೊಂಡುತನವೋ ಎಂಬುದನ್ನು ಲೇಖಕರು ಬಿಡಿಸಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

1894ರಲ್ಲಿ ಕಾನ್ರಾಡ್ ಸಮುದ್ರದ ಉದ್ಯೋಗ ಬಿಟ್ಟರು, ಮರುವರ್ಷ ಮೊದಲ ಕಾದಂಬರಿ ಪ್ರಕಟವಾಯಿತು. 1924ರ ಆಗಸ್ಟ್ 3ರಂದು ಇಂಗ್ಲೆಂಡಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಸಮಾಧಿ ಕ್ಯಾಂಟರ್ಬರಿಯಲ್ಲಿದೆ.