ಮೊದಲ ಲಾರಿಗೆ ಸಾಲ ಕೊಡೋರು ಯಾರು? ಟಿ.ಎ. ಪೈ ನೆನಪಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಪಟ್ಟಣಗಳಿಗೆ ಇವತ್ತಿಗೂ ರೈಲಿಲ್ಲ. ಅಡಿಕೆ ಹೋಗೋದೂ ಲಾರಿಯಲ್ಲೇ, ಸಿಮೆಂಟ್ ಬರೋದೂ ಲಾರಿಯಲ್ಲೇ. ದೇವಿಮನೆ ಘಟ್ಟ, ಅರಬೈಲು ಘಟ್ಟ ಹತ್ತಿಳಿಯಬೇಕು. ಹಾಗಾಗಿ ತೋಟ, ಗದ್ದೆ ಇಲ್ಲದ ಹುಡುಗನೊಬ್ಬ ಸ್ವಂತ ದುಡಿಮೆ ಅಂತ ಯೋಚಿಸಿದರೆ ಲಾರಿ ಕಣ್ಣಮುಂದೆ ಬರೋದು ಸಹಜ. ಪ್ರಶ್ನೆ ಒಂದೇ: ಅಡ ಇಡೋಕೆ ಏನೂ ಇಲ್ಲದವನಿಗೆ ಸಾಲ ಕೊಡೋರು ಯಾರು?

ಇದನ್ನು ಬರೀ ಬ್ಯಾಂಕಿನ ಲೆಕ್ಕವಾಗಿ ನೋಡದವರಲ್ಲಿ ಟಿ.ಎ. ಪೈ ಒಬ್ಬರು. ಮುಂದೆ ಅವರೇ ದೇಶದ ರೈಲ್ವೆ ಮಂತ್ರಿಯೂ ಆದರು. ಘಟ್ಟದ ಮೇಲಿನವರು ಇದಕ್ಕೆ ನಗಬಹುದು.

ತೋನ್ಸೆ ಅನಂತ ಪೈ ಹುಟ್ಟಿದ್ದು 1922ರಲ್ಲಿ. ಅವರಿಗೆ ಮೂರು ವರ್ಷವಾಗಿದ್ದಾಗ ತಂದೆ ಉಪೇಂದ್ರ ಪೈ, ಚಿಕ್ಕಪ್ಪ ಡಾ. ಟಿ.ಎಂ.ಎ. ಪೈ ಮತ್ತು ವಾಮನ ಕುಡ್ವ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಪುಟ್ಟ ಬ್ಯಾಂಕ್ ಕಟ್ಟಿದರು. ಕಷ್ಟದಲ್ಲಿದ್ದ ನೇಕಾರರಿಗೆ ನೆರವಾಗೋದು ಮೊದಲ ಉದ್ದೇಶ. 1928ರಲ್ಲಿ ಪಿಗ್ಮಿ ಬಂತು: ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೇ ಬರ್ತಾನೆ. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಈ ಬ್ಯಾಂಕನ್ನು ದೊಡ್ಡದು ಮಾಡಿದವರಲ್ಲಿ ಟಿ.ಎ. ಪೈ ಮುಖ್ಯರು. ಅರವತ್ತರ ದಶಕದಲ್ಲಿ, ಉಳಿದ ಬ್ಯಾಂಕುಗಳು ದೊಡ್ಡ ವ್ಯಾಪಾರಿಗಳ ಹಿಂದೆ ಬಿದ್ದಿದ್ದಾಗ, ಇವರು ರೈತರಿಗೆ, ಸಣ್ಣ ಕಸುಬಿನವರಿಗೆ ಸಾಲ ಕೊಡೋದಕ್ಕೆ ಒತ್ತು ಕೊಟ್ಟರು. ಆಸ್ತಿ ಎಷ್ಟಿದೆ ಅನ್ನೋದಕ್ಕಿಂತ, ಕೊಟ್ಟ ದುಡ್ಡಿಂದ ಈತ ಏನು ದುಡಿಯಬಲ್ಲ ಅನ್ನೋದು ಮುಖ್ಯ ಅಂತ ನಂಬಿದ್ದರು.

1969ರ ಜುಲೈನಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಸಿಂಡಿಕೇಟ್ ಸಹ. ಆ ಹೊತ್ತಿನ ಆದ್ಯತಾ ವಲಯದ ಪಟ್ಟಿಯಲ್ಲಿ ರೈತ, ಸಣ್ಣ ಕೈಗಾರಿಕೆ ಜೊತೆ ಸಣ್ಣ ಸಾರಿಗೆಯವರೂ ಸೇರಿದರು. ಅಂದರೆ ಒಂದು ಲಾರಿಯ ಮಾಲೀಕನೂ ಬ್ಯಾಂಕಿನ ಮೆಟ್ಟಿಲು ಹತ್ತಬಹುದು. ಲಾರಿಯೇ ಅಡಮಾನ. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರು, ಸಾಲ ತೀರೋವರೆಗೂ.

ಆದರೆ ಲೆಕ್ಕ ಅಷ್ಟು ಸುಲಭದ್ದಲ್ಲ. ಡೀಸೆಲ್, ಟೈರು, ವಿಮೆ, ಡ್ರೈವರ್ ಸಂಬಳ, ಬತ್ತೆ. ಹುಬ್ಬಳ್ಳಿಗೆ ಲೋಡ್ ಹೋದ ಗಾಡಿ ಖಾಲಿ ವಾಪಸ್ ಬಂದರೆ ಆ ದಿನದ ಲಾಭ ಅಲ್ಲಿಗೇ ಮುಗೀತು. ಮಳೆಗಾಲದಲ್ಲಿ ಬಾಡಿಗೆ ಇಳಿಯುತ್ತೆ, ಘಟ್ಟದಲ್ಲಿ ಗುಡ್ಡ ಕುಸಿದರೆ ಗಾಡಿ ನಿಲ್ಲುತ್ತೆ, ಕಂತು ನಿಲ್ಲೋದಿಲ್ಲ. ಇನ್ನು ಸಂಬಳದ ಡ್ರೈವರ್. ರಾತ್ರಿಯಿಡೀ ತಿರುವುಗಳಲ್ಲಿ ಸ್ಟೇರಿಂಗ್ ಹಿಡಿಯೋನು ಅವನು, ಆರ್‌ಸಿಯಲ್ಲಿ ಹೆಸರು ಇನ್ನೊಬ್ಬರದ್ದು. ದುಡಿಯೋ ತಾಕತ್ತನ್ನು ನೋಡಿ ಸಾಲ ಕೊಡಬೇಕು ಅನ್ನೋದಾದರೆ ಮೊದಲ ಹಕ್ಕುದಾರ ಅವನೇ ಆಗಬೇಕಿತ್ತು. ಬ್ಯಾಂಕು ಜಾಮೀನುದಾರರನ್ನು ಕೇಳಿದ ಕೂಡಲೇ ಅವನು ಹೊರಗೆ ಬಿದ್ದ. ಪೈ ಅವರ ವಿಚಾರ ನಿಂತುಹೋದದ್ದು ಇಲ್ಲೇ ಅಂತ ನನಗನಿಸುತ್ತೆ.

1972ರಲ್ಲಿ ಅವರು ಇಂದಿರಾ ಸಂಪುಟ ಸೇರಿದರು. ಮೊದಲು ರೈಲ್ವೆ, ಆಮೇಲೆ ಕೈಗಾರಿಕೆ. 1975ರಲ್ಲಿ ಸಂಸತ್ತಿನ ಪ್ರಶ್ನೆಯೊಂದಕ್ಕೆ ಉತ್ತರಿಸಲು ಸಂಜಯ್ ಗಾಂಧಿಯ ಮಾರುತಿ ಕಂಪನಿಯ ಮಾಹಿತಿ ಸಂಗ್ರಹಿಸಿದ ಅಧಿಕಾರಿಗಳ ಮೇಲೆ ಸಿಬಿಐ ಮುಗಿಬಿತ್ತು. ಅವರಲ್ಲಿ ಪೈ ಅವರ ಇಲಾಖೆಯವರೂ ಇದ್ದರು. ಪೈ ರಾಜೀನಾಮೆ ಕೊಡಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ, ಶಾ ಆಯೋಗದ ಮುಂದೆ ನಡೆದದ್ದನ್ನು ಹೇಳಿದರು. ತಡವಾಯಿತು, ಆದರೂ ಹೇಳಿದರು.

1981ರಲ್ಲಿ ತೀರಿಕೊಂಡರು, ಅರವತ್ತೂ ಆಗಿರಲಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಬೋರ್ಡುಗಳು ಬದಲಾದವು. ಸೆಕೆಂಡ್‌ಹ್ಯಾಂಡ್ ಲಾರಿಯಿಂದ ಶುರು ಮಾಡೋ ಹುಡುಗರು ಈಗ ಹೆಚ್ಚಾಗಿ ಖಾಸಗಿ ಫೈನಾನ್ಸ್ ಕಂಪನಿಗಳ ಬಾಗಿಲಿಗೇ ಹೋಗ್ತಾರೆ. ಅಲ್ಲಿ ಸಾಲ ಬೇಗ ಸಿಗುತ್ತೆ, ಬಡ್ಡಿ ಜಾಸ್ತಿ, ಕಂತು ತಪ್ಪಿದರೆ ಗಾಡಿ ಎಳೆದುಕೊಂಡು ಹೋಗ್ತಾರೆ.