ಸೊಟ್ಟಗಾಲಿನ ಗರಿಂಚಾ: ಶ್ರೇಷ್ಠರ ಪಟ್ಟಿಯಲ್ಲಿ ಎಷ್ಟನೆಯವನು?

ವಿಶ್ವಕಪ್ ಹತ್ತಿರ ಬಂತೆಂದರೆ ಫುಟ್ಬಾಲ್ ಗೊತ್ತಿದ್ದವರೂ ಗೊತ್ತಿಲ್ಲದವರೂ ಒಂದೇ ಜಗಳ ಶುರು ಮಾಡ್ತಾರೆ. ಮೆಸ್ಸಿ ದೊಡ್ಡವನೋ, ರೊನಾಲ್ಡೊ ದೊಡ್ಡವನೋ? ಸ್ವಲ್ಪ ವಯಸ್ಸಾದವರು ಇದ್ದರೆ ಪೆಲೆ, ಮರಡೋನಾ ಹೆಸರು ತೆಗೀತಾರೆ. ಈ ಜಗಳದಲ್ಲಿ ಗರಿಂಚಾ ಎಂಬ ಹೆಸರು ಕೇಳಿಬರುವುದು ಅಪರೂಪ. ಆದರೆ ಬ್ರೆಜಿಲ್‌ನಲ್ಲಿ, ಅದರಲ್ಲೂ ರಿಯೊ ಡಿ ಜನೈರೊ ಕಡೆಯ ಹಳೇ ತಲೆಗಳಲ್ಲಿ, ಪೆಲೆಗಿಂತ ಗರಿಂಚಾನೇ ಒಂದು ಕೈ ಮೇಲು ಎಂದು ವಾದಿಸುವವರು ಯಾವತ್ತೂ ಇದ್ದರು.

ಆ ವಾದ ಸುಮ್ಮನೆ ಹುಟ್ಟಿದ್ದಲ್ಲ. ಪೆಲೆ, ಗರಿಂಚಾ ಇಬ್ಬರೂ ಒಟ್ಟಿಗೆ ಮೈದಾನಕ್ಕಿಳಿದ 40 ಪಂದ್ಯಗಳಲ್ಲಿ ಬ್ರೆಜಿಲ್ ಒಂದನ್ನೂ ಸೋತಿಲ್ಲ. 36 ಗೆಲುವು, 4 ಡ್ರಾ. ಪೆಲೆ ಗಾಯಗೊಂಡು ಹೊರಗೆ ಕೂತ 1962ರ ವಿಶ್ವಕಪ್ಪನ್ನು ಬ್ರೆಜಿಲ್‌ಗೆ ತಂದುಕೊಟ್ಟವನು ಇದೇ ಗರಿಂಚಾ. ಹಾಗಿದ್ದರೂ ಜಗತ್ತಿನ ಪಟ್ಟಿಗಳಲ್ಲಿ ಆತ ಒಮ್ಮೆ ಒಳಗೆ, ಒಮ್ಮೆ ಹೊರಗೆ. ಯಾಕೆ ಹೀಗೆ ಅನ್ನೋದು ಅವನ ಬದುಕನ್ನು ನೋಡಿದರೆ ತಿಳಿಯುತ್ತದೆ.

ಗಿರಣಿ ಊರಿನ ಹುಡುಗ

ಪೂರ್ತಿ ಹೆಸರು ಮನುವೆಲ್ ಫ್ರಾನ್ಸಿಸ್ಕೊ ಡೊಸ್ ಸಾಂಟೊಸ್. ಹುಟ್ಟಿದ್ದು 1933ರ ಅಕ್ಟೋಬರ್‌ನಲ್ಲಿ, ರಿಯೊ ರಾಜ್ಯದ ಪೌ ಗ್ರಾಂಡೆ ಎಂಬ ಸಣ್ಣ ಊರಿನಲ್ಲಿ. ಊರು ಅಂದರೆ ಒಂದು ಬಟ್ಟೆ ಗಿರಣಿ, ಅದರ ಸುತ್ತ ಕಾರ್ಮಿಕರ ಮನೆಗಳು, ಒಂದು ಫುಟ್ಬಾಲ್ ಮೈದಾನ, ಅಷ್ಟೇ. ಮನೆಯಲ್ಲಿ ಬಡತನ, ತಂದೆಗೆ ಕುಡಿತದ ಚಟ. ಗಾತ್ರದಲ್ಲಿ ಪುಟಾಣಿಯಾಗಿದ್ದ ಈ ತಮ್ಮನಿಗೆ ಅಕ್ಕ ಇಟ್ಟ ಹೆಸರು ಗರಿಂಚಾ. ಅದು ಆ ಕಡೆಯ ಒಂದು ಪುಟ್ಟ ಕಂದು ಹಕ್ಕಿಯ ಹೆಸರು. ಅದೇ ಹೆಸರು ಕೊನೆತನಕ ಉಳಿಯಿತು.

ಹುಟ್ಟಿನಿಂದಲೇ ಕಾಲು ಸೊಟ್ಟ. ಬಲಗಾಲು ಒಳಕ್ಕೆ, ಎಡಗಾಲು ಹೊರಕ್ಕೆ, ಅಂದರೆ ಎರಡೂ ಒಂದೇ ದಿಕ್ಕಿಗೆ ಬಾಗಿದ್ದವು. ಸಾಲದ್ದಕ್ಕೆ ಎಡಗಾಲು ಸುಮಾರು 6 ಸೆಂ.ಮೀ. ಗಿಡ್ಡ. ನೋಡಿದವರು ಈ ಹುಡುಗ ನೆಟ್ಟಗೆ ನಡೆದರೆ ಸಾಕು ಅಂದುಕೊಳ್ಳುವ ಸ್ಥಿತಿ. 14ನೇ ವಯಸ್ಸಿಗೆ ಗಿರಣಿ ಕೆಲಸಕ್ಕೆ ಸೇರಿದ. ಕೆಲಸದಲ್ಲಿ ಮಹಾ ಸೋಮಾರಿ. ಆದರೂ ಅವನನ್ನು ಇಟ್ಟುಕೊಂಡರು, ಏಕೆಂದರೆ ಗಿರಣಿ ತಂಡಕ್ಕೆ ಅವನಂಥ ಆಟಗಾರ ಬೇರೆ ಸಿಗುತ್ತಿರಲಿಲ್ಲ.

ಮೀನು ಹಿಡಿಯುವುದು, ಹಕ್ಕಿ ಹಿಡಿಯುವುದು, ಗೆಳೆಯರ ಜೊತೆ ಚೆಂಡಾಡುವುದು. ಇಷ್ಟು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. 1953ರಲ್ಲಿ ರಿಯೊದ ಬೊಟಾಫೊಗೊ ಕ್ಲಬ್‌ನ ಆಯ್ಕೆಗೆ ಹೋಗುವ ಹೊತ್ತಿಗೆ 19 ವರ್ಷ. ಮದುವೆಯೂ ಆಗಿತ್ತು.

ಅಲ್ಲಿ ಅವನ ಎದುರು ನಿಲ್ಲಿಸಿದ್ದು ಬ್ರೆಜಿಲ್ ತಂಡದ ಡಿಫೆಂಡರ್ ನಿಲ್ಟನ್ ಸಾಂಟೊಸ್‌ನನ್ನು. ಹೊಸ ಹುಡುಗ ಚೆಂಡನ್ನು ಆತನ ಎರಡು ಕಾಲುಗಳ ನಡುವೆಯೇ ತೂರಿಸಿ ಮುಂದಕ್ಕೆ ಓಡಿದ. ಬೇರೆ ಯಾರಾದರೂ ಆಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರೇನೋ. ನಿಲ್ಟನ್ ಮಾತ್ರ ಈ ಹುಡುಗನನ್ನು ಈಗಲೇ ಹಿಡಿದುಹಾಕಿ, ಎದುರು ತಂಡಕ್ಕೆ ಹೋದರೆ ನಮಗೇ ಕಷ್ಟ ಎಂದು ಕ್ಲಬ್‌ಗೆ ಹೇಳಿದನಂತೆ. ಮೊದಲ ತಂಡದ ಪರ ಆಡಿದ ಮೊದಲ ಪಂದ್ಯದಲ್ಲೇ ಗರಿಂಚಾ 3 ಗೋಲು ಹೊಡೆದ.

ಗೊತ್ತಿದ್ದರೂ ತಡೆಯಲಾಗದ ಆಟ

ಗರಿಂಚಾನ ಆಟದಲ್ಲಿ ಗುಟ್ಟೇನೂ ಇರಲಿಲ್ಲ. ಬಲ ಅಂಚಿನಲ್ಲಿ ಚೆಂಡು ಸಿಕ್ಕಿದರೆ ಡಿಫೆಂಡರ್ ಮುಂದೆ ನಿಲ್ಲುತ್ತಿದ್ದ. ಮೈ ಎಡಕ್ಕೆ ವಾಲಿಸುತ್ತಿದ್ದ, ಆದರೆ ಹೋಗುತ್ತಿದ್ದುದು ಬಲಕ್ಕೆ. ಮತ್ತೆ ಅದೇ, ಮತ್ತೆ ಅದೇ. ಎದುರಿನವನಿಗೆ ಎಲ್ಲಾ ಗೊತ್ತು, ಆದರೂ ಕಾಲು ಎಡಕ್ಕೆ ಜಾರುತ್ತಿತ್ತು. ಎರಡೂ ಕಾಲು ಒಂದೇ ಕಡೆ ಬಾಗಿದ್ದರಿಂದ ಅವನ ಮೈ ಯಾವಾಗ, ಯಾವ ಕಡೆ ತಿರುಗುತ್ತದೆ ಎಂದು ಲೆಕ್ಕ ಹಾಕುವುದು ಕಷ್ಟವಾಗಿತ್ತು. ದೋಷ ಎಂದುಕೊಂಡದ್ದೇ ಬಂಡವಾಳ ಆಯ್ತು.

ಜನ ಬಿದ್ದು ಬಿದ್ದು ನಗುತ್ತಿದ್ದರು. ದಾಟಿ ಹೋದ ಡಿಫೆಂಡರ್ ಎದ್ದು ಬರುವ ತನಕ ಕಾದು, ಅವನನ್ನು ಮತ್ತೊಮ್ಮೆ ದಾಟುವ ಚಾಳಿಯೂ ಇತ್ತು. 1958ರ ವಿಶ್ವಕಪ್‌ಗೆ ಮೊದಲು ಇಟಲಿಯ ಫಿಯೊರೆಂಟಿನಾ ತಂಡದ ವಿರುದ್ಧ ಹಾಗೇ ಮಾಡಿದ. ಗೋಲ್‌ಕೀಪರ್‌ನನ್ನೂ ದಾಟಿದ ಮೇಲೆ ಖಾಲಿ ಗೋಲಿನ ಮುಂದೆ ನಿಂತು, ಓಡಿ ಬಂದ ಡಿಫೆಂಡರ್‌ನನ್ನು ಇನ್ನೊಮ್ಮೆ ಏಮಾರಿಸಿ ಆಮೇಲೆ ಚೆಂಡು ಒಳಗೆ ಹಾಕಿದ. ಪ್ರೇಕ್ಷಕರಿಗೆ ಮಜಾ, ಬ್ರೆಜಿಲ್ ತಂಡದ ಹಿರಿಯರಿಗೆ ಪಿತ್ತ ನೆತ್ತಿಗೇರಿತು.

ಆ ತಂಡದ ಜೊತೆ ಒಬ್ಬ ಮನಃಶಾಸ್ತ್ರಜ್ಞನೂ ಇದ್ದ. ಅವನ ಪರೀಕ್ಷೆಯಲ್ಲಿ ಗರಿಂಚಾ ಫೇಲ್. 17 ವರ್ಷದ ಪೆಲೆ ಇನ್ನೂ ಮಗುಬುದ್ಧಿಯವನು ಎಂದು ಷರಾ. ಅಂದರೆ ಶ್ರೇಷ್ಠರನ್ನು ಅಳೆಯಲು ಹೊರಟ ಮೊದಲ ಪಟ್ಟಿಯಲ್ಲೇ ಇಬ್ಬರಿಗೂ ಜಾಗ ಇರಲಿಲ್ಲ. ಮೊದಲ ಎರಡು ಪಂದ್ಯಕ್ಕೆ ಇಬ್ಬರೂ ಹೊರಗೆ.

ಮೂರನೇ ಪಂದ್ಯ ಜೂನ್ 15ರಂದು ಸೋವಿಯತ್ ಒಕ್ಕೂಟದ ವಿರುದ್ಧ. ಇಬ್ಬರನ್ನೂ ಇಳಿಸಲಾಯಿತು. ಆಟ ಶುರುವಾದ ಮೊದಲ ನಿಮಿಷದಲ್ಲೇ ಗರಿಂಚಾ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿಯಿತು. ಹಿಂದೆಯೇ ಪೆಲೆಯ ಹೊಡೆತವೂ ಗೋಲಿನ ಚೌಕಟ್ಟಿಗೆ. 3ನೇ ನಿಮಿಷಕ್ಕೆ ವಾವಾ ಗೋಲು. ಫುಟ್ಬಾಲ್ ಚರಿತ್ರೆಯ ಅತ್ಯುತ್ತಮ ಮೂರು ನಿಮಿಷ ಎಂದು ಅದನ್ನು ಇವತ್ತಿಗೂ ನೆನೆಯುವವರಿದ್ದಾರೆ. ಸ್ವೀಡನ್ ವಿರುದ್ಧದ ಫೈನಲ್‌ನಲ್ಲಿ ಬ್ರೆಜಿಲ್ ಮೊದಲು ಗೋಲು ಬಿಟ್ಟುಕೊಟ್ಟಿತು. ಗರಿಂಚಾ ಬಲಗಡೆಯಿಂದ ನುಗ್ಗಿ ಕೊಟ್ಟ ಎರಡು ಪಾಸ್, ವಾವಾನ ಎರಡು ಗೋಲು. ಕೊನೆಗೆ 5-2. ಬ್ರೆಜಿಲ್‌ಗೆ ಮೊದಲ ವಿಶ್ವಕಪ್.

1962: ಒಬ್ಬನ ಹೆಗಲ ಮೇಲೆ ಕಪ್

ಚಿಲಿಯಲ್ಲಿ ನಡೆದ ಮುಂದಿನ ವಿಶ್ವಕಪ್‌ನ ಎರಡನೇ ಪಂದ್ಯದಲ್ಲೇ ಪೆಲೆಗೆ ಗಾಯ. ಬ್ರೆಜಿಲ್ ಕಥೆ ಮುಗೀತು ಅಂತಲೇ ಬಹಳ ಮಂದಿ ಅಂದುಕೊಂಡರು. ಸ್ಪೇನ್ ವಿರುದ್ಧ ಗೆಲುವಿನ ಗೋಲಿಗೆ ಚೆಂಡು ಒದಗಿಸಿದ್ದು ಗರಿಂಚಾ. ಜೂನ್ 10ರಂದು ಇಂಗ್ಲೆಂಡ್ ವಿರುದ್ಧ 3-1 ಗೆಲುವು, ಅದರಲ್ಲಿ ಅವನದು 2 ಗೋಲು: ಒಂದು ತಲೆಯಿಂದ, ಇನ್ನೊಂದು ದೂರದಿಂದ ಬಾಗಿ ಬಂದ ಹೊಡೆತ. ಆ ಪಂದ್ಯದಲ್ಲಿ ಮೈದಾನಕ್ಕೆ ನಾಯಿಯೊಂದು ನುಗ್ಗಿತ್ತು. ಗರಿಂಚಾನಿಂದಲೂ ತಪ್ಪಿಸಿಕೊಂಡ ಅದು ಕೊನೆಗೆ ಇಂಗ್ಲೆಂಡಿನ ಜಿಮ್ಮಿ ಗ್ರೀವ್ಸ್ ಕೈಗೆ ಸಿಕ್ಕಿ, ಅವನ ಅಂಗಿ ಒದ್ದೆ ಮಾಡಿತು. ಆಮೇಲೆ ಆ ನಾಯಿ ಗರಿಂಚಾನ ಪಾಲಾಯಿತು.

ಸೆಮಿಫೈನಲ್‌ನಲ್ಲಿ ಆತಿಥೇಯ ಚಿಲಿ ವಿರುದ್ಧ ಮತ್ತೆ 2 ಗೋಲು, 4-2 ಗೆಲುವು. ಆದರೆ ಪಂದ್ಯದುದ್ದಕ್ಕೂ ಒದೆ ತಿಂದು ತಿಂದು ತಾಳ್ಮೆ ಕೆಟ್ಟ ಗರಿಂಚಾ ತಿರುಗಿ ಒದ್ದ. ರೆಫರಿ ಹೊರಗೆ ಕಳಿಸಿದ. ಫೈನಲ್‌ಗೆ ನಿಷೇಧ ಆಗಬೇಕಿತ್ತು, ಆದರೆ ತೆರೆಮರೆಯಲ್ಲಿ ನಡೆದ ಓಡಾಟದ ಫಲವಾಗಿ ಆಗಲಿಲ್ಲ. ಜ್ವರದಲ್ಲೇ ಫೈನಲ್ ಆಡಿದ. ಜೆಕೊಸ್ಲೊವಾಕಿಯಾ ಪರ ಮಸೊಪುಸ್ಟ್ ಮೊದಲ ಗೋಲು ಹೊಡೆದರೂ ಬ್ರೆಜಿಲ್ 3-1ರಿಂದ ಗೆದ್ದಿತು. ಒಟ್ಟು 4 ಗೋಲು ಹೊಡೆದ ಗರಿಂಚಾ ಆ ಕಪ್‌ನ ಅತ್ಯುತ್ತಮ ಆಟಗಾರ ಎನಿಸಿದ.

ಮಂಡಿ ಸೋತಿತು, ಬಾಟಲಿ ಗೆದ್ದಿತು

ಅಲ್ಲಿಂದ ಮುಂದೆ ಇಳಿಜಾರು. ಸೊಟ್ಟಗಾಲಿನ ಮೇಲೆ ಬಿದ್ದ ಭಾರಕ್ಕೆ ಮಂಡಿ ಸವೆದಿತ್ತು. ಅವನ ಹೆಸರಿಗೆ ಟಿಕೆಟ್ ಖರ್ಚಾಗುತ್ತಿತ್ತು, ಹಾಗಾಗಿ ನೋವಿಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡಿದ್ದೂ ಉಂಟು. 1964ರಲ್ಲಿ ಮಂಡಿಗೆ ಶಸ್ತ್ರಚಿಕಿತ್ಸೆ ಆಯಿತು. ವ್ಯವಹಾರದಲ್ಲಿ ಪೂರ್ತಿ ದಡ್ಡ. ಖಾಲಿ ಒಪ್ಪಂದ ಪತ್ರಕ್ಕೆ ಸಹಿ ಹಾಕಿ ಕೊಡುತ್ತಿದ್ದ, ಮೊತ್ತ ತುಂಬುವುದು ಬೇರೆಯವರು. ಕೈಗೆ ಬಂದದ್ದು ನೀರಿನಂತೆ ಹರಿದುಹೋಯಿತು.

ಮೊದಲ ಹೆಂಡತಿ ನೈರ್, ಎಂಟು ಹೆಣ್ಣುಮಕ್ಕಳು. ಅವರನ್ನು ಬಿಟ್ಟು ಗಾಯಕಿ ಎಲ್ಜಾ ಸೊವಾರೆಸ್ ಜೊತೆ ಬಾಳತೊಡಗಿದಾಗ ಊರೆಲ್ಲ ಎಲ್ಜಾಳಿಗೆ ಶಾಪ ಹಾಕಿತು. ನಿಜದಲ್ಲಿ ಆಕೆ ಹಾಡಿ ದುಡಿದು ಸಂಸಾರ ತೂಗಿಸಿದಳು, ಕುಡಿತ ಬಿಡಿಸಲು ಹೆಣಗಿದಳು, ಕುಡಿದು ಬಂದವನ ಕೈಯಿಂದ ಏಟೂ ತಿಂದಳು. 1969ರಲ್ಲಿ ಗರಿಂಚಾ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ ಎಲ್ಜಾಳ ತಾಯಿ ತೀರಿಕೊಂಡರು. 1977ರಲ್ಲಿ ಇಬ್ಬರೂ ಬೇರೆಯಾದರು.

ಆಟದ ಕಡೆ ನೋಡಿದರೆ, 1966ರ ವಿಶ್ವಕಪ್‌ನಲ್ಲಿ ಬಲ್ಗೇರಿಯಾ ವಿರುದ್ಧ ಪೆಲೆ ಒಂದು, ಗರಿಂಚಾ ಒಂದು ಗೋಲು ಹೊಡೆದು ಗೆಲ್ಲಿಸಿದರು. ಇಬ್ಬರೂ ಒಟ್ಟಿಗೆ ಆಡಿದ ಕೊನೆಯ ಪಂದ್ಯ ಅದು. ಮೂರು ದಿನದ ನಂತರ ಪೆಲೆ ಇಲ್ಲದೆ ಹಂಗೇರಿ ವಿರುದ್ಧ 1-3 ಸೋಲು. ಬ್ರೆಜಿಲ್ ಪರ ಆಡಿದ 50 ಅಧಿಕೃತ ಪಂದ್ಯಗಳಲ್ಲಿ ಗರಿಂಚಾ ಕಂಡ ಒಂದೇ ಸೋಲು, ಅದೇ ಕೊನೆಯ ಪಂದ್ಯ.

1973ರ ಡಿಸೆಂಬರ್ 19ರಂದು ಅವನಿಗೆ ನೆರವಾಗಲೆಂದು ಮರಕಾನಾ ಮೈದಾನದಲ್ಲಿ ವಿದಾಯ ಪಂದ್ಯ ಏರ್ಪಟ್ಟಿತು. 1,31,000ಕ್ಕೂ ಹೆಚ್ಚು ಜನ ಬಂದರು. ಆದರೆ ಕುಡಿತ ಅವನನ್ನು ಬಿಡಲಿಲ್ಲ. 1983ರ ಜನವರಿ 20ರಂದು, 49ನೇ ವಯಸ್ಸಿಗೆ, ಯಕೃತ್ತು ಕೆಟ್ಟು ತೀರಿಕೊಂಡ. ಶವವನ್ನು ಮರಕಾನಾದಲ್ಲಿಟ್ಟರು. ಅಲ್ಲಿಂದ ಹುಟ್ಟೂರಿನ ಕಡೆಯ ದಾರಿಯುದ್ದಕ್ಕೂ ಜನವೋ ಜನ.

ಹಾಗಾದರೆ ಎಷ್ಟನೇ ಸ್ಥಾನ?

ಈಗ ಪಟ್ಟಿಗಳ ವಿಷಯ. ಯುರೋಪಿನ ದೊಡ್ಡ ಪ್ರಶಸ್ತಿ ಬ್ಯಾಲನ್ ಡಿ'ಓರ್ 1962ರಲ್ಲಿ ಸಿಕ್ಕಿದ್ದು ಫೈನಲ್ ಸೋತ ತಂಡದ ಮಸೊಪುಸ್ಟ್‌ಗೆ. ಆತ ಒಳ್ಳೆಯ ಆಟಗಾರನೇ, ಅನುಮಾನ ಬೇಡ. ಆದರೆ ಆಗಿನ ನಿಯಮದಲ್ಲಿ ಯುರೋಪಿನವರಿಗೆ ಮಾತ್ರ ಅವಕಾಶ. 2016ರಲ್ಲಿ ಅದೇ ಪ್ರಶಸ್ತಿ ಕೊಡುವ ಫ್ರಾನ್ಸ್ ಫುಟ್ಬಾಲ್ ಪತ್ರಿಕೆ ಹಳೇ ಲೆಕ್ಕ ಮತ್ತೆ ತೆಗೆದು, ನಿಯಮ ಬೇರೆ ಇದ್ದಿದ್ದರೆ 1962ರದ್ದು ಗರಿಂಚಾನದು ಎಂದು ಒಪ್ಪಿಕೊಂಡಿತು. ಅಷ್ಟೊತ್ತಿಗೆ ಆತ ಸತ್ತು 33 ವರ್ಷ.

1998ರಲ್ಲಿ ಪ್ರಕಟವಾದ 20ನೇ ಶತಮಾನದ ವಿಶ್ವ ತಂಡದಲ್ಲಿ ಬಲ ಅಂಚಿನ ಜಾಗ ಗರಿಂಚಾನಿಗೇ ಸಿಕ್ಕಿತು. ಅದೇ ತಂಡದ ಎಡ ಡಿಫೆಂಡರ್ ಯಾರು ಗೊತ್ತಾ? ಅವನನ್ನು ಬೊಟಾಫೊಗೊಗೆ ಸೇರಿಸಿದ ನಿಲ್ಟನ್ ಸಾಂಟೊಸ್. ಫುಟ್ಬಾಲ್ ಇತಿಹಾಸ, ಅಂಕಿಅಂಶ ನೋಡುವ ಅಂತರರಾಷ್ಟ್ರೀಯ ಒಕ್ಕೂಟದ ಶತಮಾನದ ಪಟ್ಟಿಯಲ್ಲಿ ಗರಿಂಚಾ 8ನೆಯವನು. 2020ರಲ್ಲಿ ಫ್ರಾನ್ಸ್ ಫುಟ್ಬಾಲ್ ಆರಿಸಿದ ಸಾರ್ವಕಾಲಿಕ ತಂಡದ ಮೊದಲ ಹನ್ನೊಂದರಲ್ಲಿ ಅವನಿಲ್ಲ, ಮೆಸ್ಸಿ ಇದ್ದಾನೆ.

ಯಾರು ಓಟು ಹಾಕುತ್ತಾರೆ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. 2000ದಲ್ಲಿ ಫಿಫಾ ಶತಮಾನದ ಆಟಗಾರನನ್ನು ಆರಿಸಲು ಹೊರಟಾಗ ಇಂಟರ್ನೆಟ್ ಮತದಲ್ಲಿ ಮರಡೋನಾ ಗೆದ್ದ, ತಜ್ಞರ ಮತದಲ್ಲಿ ಪೆಲೆ ಗೆದ್ದ. ಕೊನೆಗೆ ಇಬ್ಬರಿಗೂ ಪ್ರಶಸ್ತಿ ಕೊಟ್ಟು ಕೈತೊಳೆದುಕೊಂಡರು.

ಗರಿಂಚಾನ ವಿರುದ್ಧದ ವಾದವೂ ಹುರುಳಿಲ್ಲದ್ದಲ್ಲ. ದೇಶದ ಪರ 50 ಪಂದ್ಯಗಳಲ್ಲಿ 12 ಗೋಲು. ಪೆಲೆಯದು 92 ಪಂದ್ಯ, 77 ಗೋಲು, ಮೂರು ವಿಶ್ವಕಪ್. ಗರಿಂಚಾನ ಒಳ್ಳೆಯ ಕಾಲ ಹತ್ತು ವರ್ಷ, ಅಷ್ಟೇ. ಮೈಯನ್ನು ಕಾಪಾಡಿಕೊಳ್ಳುವುದೂ ಆಟಗಾರನ ಕೆಲಸವೇ ಅಲ್ಲವೇ? ಲೆಕ್ಕದ ಪುಸ್ತಕ ತೆರೆದರೆ ಪೆಲೆಯೇ ಮೇಲು.

ಆದರೆ ಲೆಕ್ಕದ ಪುಸ್ತಕಕ್ಕೆ ಸಿಗದ ಒಂದು ಬಾಬ್ತು ಉಂಟು. ಟಿಕೆಟ್ ಕೊಂಡು ಬಂದ ಗಿರಣಿ ಕೂಲಿ, ಬಂದರಿನ ಹಮಾಲಿ, ಅವರೆಲ್ಲ ತೊಂಬತ್ತು ನಿಮಿಷ ಕಷ್ಟ ಮರೆತು ನಗುತ್ತಿದ್ದರು. ಬ್ರೆಜಿಲ್ ಜನ ಪೆಲೆಯನ್ನು ರಾಜ ಎಂದರು, ಗರಿಂಚಾನಿಗೆ ಜನರ ಸಂತೋಷ ಎಂದು ಹೆಸರಿಟ್ಟರು. ಎರಡೂ ಬೇರೆ ಬೇರೆ ತಕ್ಕಡಿ. ಒಂದರಲ್ಲಿ ತೂಗಿದ್ದನ್ನು ಇನ್ನೊಂದರಲ್ಲಿ ಹಾಕಿ ಒಂದು, ಎರಡು, ಮೂರು ಎಂದು ನಂಬರ್ ಬರೆಯುವುದರಿಂದಲೇ ಈ ಜಗಳ ಮುಗಿಯುವುದಿಲ್ಲ.

ರಾಜಧಾನಿ ಬ್ರೆಸಿಲಿಯಾದ ದೊಡ್ಡ ಕ್ರೀಡಾಂಗಣಕ್ಕೆ ಅವನದೇ ಹೆಸರಿದೆ. ಎಲ್ಜಾ ಸೊವಾರೆಸ್ 2022ರಲ್ಲಿ ತೀರಿಕೊಂಡಳು, ಅದೂ ಜನವರಿ 20ರಂದೇ. ಇನ್ನು ಗರಿಂಚಾನ ಅಸ್ಥಿ ಹುಟ್ಟೂರಿನ ಹತ್ತಿರದ ಸ್ಮಶಾನದಲ್ಲಿ ನಿಖರವಾಗಿ ಎಲ್ಲಿದೆ ಎಂದು ಹೇಳಲಾಗದು ಎಂಬ ಸುದ್ದಿ 2017ರಲ್ಲಿ ಹೊರಬಂತು. ಶತಮಾನದ ತಂಡದಲ್ಲಿ ಜಾಗ ಸಿಕ್ಕವನಿಗೆ ಸಮಾಧಿಯಲ್ಲಿ ಜಾಗ ಗುರುತು ಹಿಡಿಯಲು ಆಗಲಿಲ್ಲ. ಮುಂದಿನ ವಿಶ್ವಕಪ್‌ನಲ್ಲಿ ಯಾರಾದರೂ ಶ್ರೇಷ್ಠರ ಪಟ್ಟಿ ಹಿಡಿದು ಬಂದರೆ, ಬಲ ಅಂಚಿನಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ನೋಡಿ.