ಖಾಝಿ ಕಾನೂನು ತಂದ ಸರ್ ಸಯ್ಯದ್

ಸರ್ ಸಯ್ಯದ್ ಅಹ್ಮದ್ ಖಾನ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಅಲಿಘರ್. ಶಾಲೆಯ ಪಾಠದಲ್ಲಿಯೂ ಹೆಚ್ಚಾಗಿ ಅಷ್ಟೇ ಉಂಟು. ಆದರೆ ಅವರು ಶಾಸನಸಭೆಯಲ್ಲಿ ಕೂತು ಕಾನೂನು ಮಾಡಿಸಿದವರೂ ಹೌದು. ಅವರು ತಂದ ಒಂದು ಕಾನೂನು ಮೊದಲು ಅನ್ವಯವಾದದ್ದು ನಮ್ಮ ಮಂಗಳೂರು ಸೇರಿದ್ದ ಪ್ರಾಂತಕ್ಕೇ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಹುಟ್ಟಿದ ಸಯ್ಯದ್ ಚಿಕ್ಕ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡರು. ಮನೆ ನಡೆಯಬೇಕಲ್ಲ, ಕಂಪೆನಿ ಸರಕಾರದ ಕೋರ್ಟಿನಲ್ಲಿ ಕೆಲಸಕ್ಕೆ ಸೇರಿದರು. ಮುನ್ಸೀಫರಾಗಿ, ಮತ್ತೆ ಅದಕ್ಕಿಂತ ಮೇಲಿನ ನ್ಯಾಯಾಧೀಶರಾಗಿ ಊರೂರು ತಿರುಗಿದರು. 1857ರ ದಂಗೆಯ ಸಮಯದಲ್ಲಿ ಅವರು ಇದ್ದದ್ದು ಬಿಜನೋರಿನಲ್ಲಿ. ದೆಹಲಿಯಲ್ಲಿದ್ದ ತಾಯಿ ಅಝೀಝುನ್ನಿಸಾ ಆ ಕಷ್ಟದ ದಿನಗಳಲ್ಲಿ ಬಳಲಿ ಬೆಂಡಾಗಿ, ಮಗ ಮೀರತ್‌ಗೆ ಕರೆದುಕೊಂಡು ಹೋದ ಮೇಲೆ ತೀರಿಕೊಂಡರು.

ಇಷ್ಟೆಲ್ಲ ಆದ ಮೇಲೆ ಸಯ್ಯದ್ ಒಂದು ಪುಸ್ತಕ ಬರೆದರು. ದಂಗೆಗೆ ಕಾರಣ ಏನು ಎಂಬುದೇ ಅದರ ವಿಷಯ. ಕಾನೂನು ಮಾಡುವ ಸಭೆಯಲ್ಲಿ ಈ ದೇಶದವರು ಒಬ್ಬರೂ ಇಲ್ಲ, ಜನರ ನೋವು ಸರಕಾರಕ್ಕೆ ತಿಳಿಯುವ ದಾರಿಯೇ ಇಲ್ಲ, ಮೂಲ ಕಾರಣ ಇದು ಎಂದು ಅವರು ವಾದಿಸಿದರು. ಸರಕಾರಿ ನೌಕರನೊಬ್ಬ ಆಗಿನ ಕಾಲದಲ್ಲಿ ಇದನ್ನು ಬರೆಯುವುದೆಂದರೆ ಕೆಲಸವನ್ನೂ ಜೀವವನ್ನೂ ಪಣಕ್ಕಿಟ್ಟ ಹಾಗೆ. 1861ರಲ್ಲಿ ಹೊಸ ಕಾಯ್ದೆ ಬಂತು, ಮರು ವರ್ಷ ವೈಸ್‌ರಾಯ್ ಸಭೆಗೆ ಮೂವರು ಭಾರತೀಯರು ಬಂದರು. ಬಂದವರು ಕಾಶಿಯ ರಾಜ, ಪಟಿಯಾಲದ ಮಹಾರಾಜ ಮತ್ತು ದಿನಕರ ರಾವ್, ಅಂದರೆ ರಾಜರು, ದಿವಾನರು.

ಸಯ್ಯದ್ 1876ರಲ್ಲಿ ನಿವೃತ್ತಿಯಾಗಿ ಅಲಿಘರ್‌ನಲ್ಲಿ ನೆಲೆಸಿದರು. ಕಾಲೇಜಿನ ಕೆಲಸ ನಡೆಯುತ್ತಿರುವಾಗಲೇ, 1878ರಲ್ಲಿ, ವೈಸ್‌ರಾಯ್ ಲಿಟ್ಟನ್ ಅವರನ್ನು ಶಾಸನಸಭೆಗೆ ನೇಮಿಸಿದರು. ಮುಂದೆ ರಿಪ್ಪನ್ ಇನ್ನೊಂದು ಅವಧಿ ಕೊಟ್ಟರು. ಅದು ಈಗಿನ ವಿಧಾನಸಭೆಯ ಹಾಗಲ್ಲ. ಚುನಾವಣೆ ಇಲ್ಲ, ಸರಕಾರವನ್ನು ಪ್ರಶ್ನೆ ಕೇಳುವ ಹಕ್ಕಿಲ್ಲ. ಮುಂದೆ ಬಂದ ಮಸೂದೆಯ ಮೇಲೆ ಮಾತ್ರ ಮಾತಾಡಬೇಕು. ಚಳಿಗಾಲದಲ್ಲಿ ಕಲ್ಕತ್ತಾ, ಬೇಸಗೆಯಲ್ಲಿ ಸಿಮ್ಲಾ. ಸಯ್ಯದರಿಗೆ ಇಂಗ್ಲಿಷಿನ ಹಿಡಿತವೂ ಕಮ್ಮಿ. ಇಷ್ಟು ಸಣ್ಣ ಜಾಗದಲ್ಲಿ ನಿಂತು ಅವರು ಎರಡು ಮಸೂದೆ ತಂದರು.

ಒಂದು, ಸಿಡುಬಿನ ಲಸಿಕೆಯದ್ದು. ಆಗ ಸಿಡುಬು ಎಂದರೆ ಮನೆಮನೆಯ ಸಂಕಟ. ಎಷ್ಟೋ ಮಕ್ಕಳು ಸಾಯುತ್ತಿದ್ದರು, ಉಳಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಆದರೂ ಸರಕಾರದ ಸೂಜಿ ಎಂದರೆ ಜನರಿಗೆ ಹೆದರಿಕೆ. ಲಸಿಕೆ ಕಡ್ಡಾಯ ಮಾಡುವ ಮಾತು ಯಾರಿಗೂ ಹೆಸರು ತರುವಂಥದ್ದಲ್ಲ. ಸಯ್ಯದ್ ಅದನ್ನು ಹೊತ್ತರು. ಕಾನೂನನ್ನು ಎಲ್ಲರ ತಲೆ ಮೇಲೆ ಒಮ್ಮೆಲೇ ಹೇರಲಿಲ್ಲ. ಪಟ್ಟಣದ ಮುನಿಸಿಪಾಲಿಟಿ ಸದಸ್ಯರು ಸಭೆ ಸೇರಿ ಬೇಕು ಎಂದರೆ ಮಾತ್ರ ಆ ಊರಿಗೆ ಬರುವ ಹಾಗೆ, ಊರವರು ಆಕ್ಷೇಪ ಹೇಳಲು ಅವಕಾಶ ಇರುವ ಹಾಗೆ ಅದು ರೂಪುಗೊಂಡಿತು.

ಇನ್ನೊಂದು, ಖಾಝಿಗಳದ್ದು. ಮೊದಲು ಊರಿನ ಖಾಝಿಯನ್ನು ಸರಕಾರವೇ ನೇಮಿಸುತ್ತಿತ್ತು. 1864ರ ಕಾಯ್ದೆ ಅದನ್ನು ನಿಲ್ಲಿಸಿತು. ಆದರೆ ಕೆಲವು ಕಡೆ ನಿಕಾಹ್ ಮತ್ತು ಇತರ ಕಾರ್ಯಗಳಿಗೆ ನೇಮಕಗೊಂಡ ಖಾಝಿ ಇರಬೇಕೆಂಬ ರೂಢಿ ಹಾಗೆಯೇ ಉಳಿದಿತ್ತು. ಇದ್ದ ಖಾಝಿ ತೀರಿಕೊಂಡರೆ ಮುಂದೆ ಯಾರು? ಇಬ್ಬರು ಎದ್ದು ನಿಂತು ನಾನೇ ಖಾಝಿ ಎಂದರೆ ಯಾರ ಮಾತು ಕೇಳುವುದು? ಇದು ಹೆಣ್ಣುಮಕ್ಕಳ ನಿಕಾಹಿನ ವಿಷಯ, ಸಣ್ಣದಲ್ಲ.

ಸಯ್ಯದರ ಮಸೂದೆ ಇದಕ್ಕೆ ದಾರಿ ಮಾಡಿತು. ಒಂದು ಪ್ರದೇಶದ ಸಾಕಷ್ಟು ಮುಸ್ಲಿಮರು ಬಯಸಿದರೆ, ಅಲ್ಲಿನ ಪ್ರಮುಖರನ್ನು ಕೇಳಿ, ಯೋಗ್ಯರಾದವರನ್ನು ಸರಕಾರ ಖಾಝಿಯಾಗಿ ನೇಮಿಸಬಹುದು. ಅವರ ಕೈಕೆಳಗೆ ನಾಯಿಬ್ ಖಾಝಿಗಳೂ ಇರಬಹುದು. ಕಾನೂನಿನ ಕೊನೆಯ ಕಲಮನ್ನು ನಾವು ಗಮನಿಸಬೇಕು. ಈ ನೇಮಕದಿಂದ ಖಾಝಿಗೆ ಕೋರ್ಟಿನ ಅಧಿಕಾರ ಬರುವುದಿಲ್ಲ. ಅವರು ಇಲ್ಲದೆ ಮದುವೆ ಆಗಲೇಬಾರದು ಎಂದೂ ಇಲ್ಲ. ಬೇರೆಯವರು ಖಾಝಿಯ ಕೆಲಸ ಮಾಡಲು ಅಡ್ಡಿಯೂ ಇಲ್ಲ. ಅಂದರೆ ಜಮಾಅತಿಗೆ ಬೇಕಾದಷ್ಟು ಮಾತ್ರ ಸರಕಾರದ ಕೈ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ.

ಈ ಕಾನೂನು ಆರಂಭದಲ್ಲಿ ಅನ್ವಯವಾದದ್ದು ಮದ್ರಾಸ್ ಪ್ರಾಂತಕ್ಕೆ ಮಾತ್ರ. ಆಗ ದಕ್ಷಿಣ ಕನ್ನಡ ಜಿಲ್ಲೆ ಇದ್ದದ್ದು ಅದೇ ಪ್ರಾಂತದಲ್ಲಿ. ಎರಡೂ ಕಾನೂನುಗಳು ಒಂದೇ ದಿನ, 1880ರ ಜುಲೈ 9ರಂದು ಬಂದವು. ಖಾಝಿಗಳದ್ದು ಆ ವರ್ಷದ 12ನೇ ಕಾಯ್ದೆ, ಲಸಿಕೆಯದ್ದು 13ನೇದು. ಒಂದು ಸಮುದಾಯದ ಅಗತ್ಯ, ಇನ್ನೊಂದು ಎಲ್ಲರ ಮಕ್ಕಳ ಜೀವ. ಒಂದನ್ನು ಹಿಡಿಯಲು ಅವರು ಇನ್ನೊಂದನ್ನು ಬಿಡಲಿಲ್ಲ.

ಸಯ್ಯದರ ಎಲ್ಲ ಮಾತನ್ನೂ ನಾವು ಒಪ್ಪಬೇಕೆಂದಿಲ್ಲ. ಅವರ ಧಾರ್ಮಿಕ ವ್ಯಾಖ್ಯಾನಗಳನ್ನು ಅಂದಿನ ಉಲಮಾಗಳು ಒಪ್ಪಲಿಲ್ಲ, ಅವರ ವಿರುದ್ಧ ಫತ್ವಾಗಳೂ ಬಂದವು. ಕಾಂಗ್ರೆಸ್ಸಿನಿಂದ ಮುಸ್ಲಿಮರು ದೂರ ಇರಬೇಕೆಂದ ಅವರ ಸಲಹೆಯ ಬಗ್ಗೆ ಇಂದಿಗೂ ಚರ್ಚೆ ಉಂಟು. 1898ರ ಮಾರ್ಚ್ 27ರಂದು ಅವರು ತೀರಿಕೊಂಡರು. ಕಾಲೇಜಿನ ಮಸೀದಿಯ ಪಕ್ಕದಲ್ಲೇ ಅವರ ಖಬರ್ ಉಂಟು.

ಇವತ್ತು ನಾವು ಓಟು ಹಾಕಿ ಶಾಸಕರನ್ನು ಕಳಿಸುತ್ತೇವೆ. ಮದುವೆಗೆ ಬಂದರಾ, ಮಯ್ಯತ್‌ಗೆ ಬಂದರಾ ಎಂದು ಲೆಕ್ಕ ಇಡುತ್ತೇವೆ. ಸಭೆಯಲ್ಲಿ ಯಾವ ಮಸೂದೆಯ ಮೇಲೆ ಏನು ಮಾತಾಡಿದರು ಎಂದು ಕೇಳುವವರು ಎಷ್ಟು ಮಂದಿ? ಓಟೇ ಇಲ್ಲದ ಕಾಲದಲ್ಲಿ, ನೇಮಕದ ಕುರ್ಚಿಯಲ್ಲಿ ಕೂತು ಒಬ್ಬರು ಇಷ್ಟು ಮಾಡಿಸಿದರು. ಮುಂದಿನ ಸಲ ನಮ್ಮ ಪ್ರತಿನಿಧಿ ಊರಿಗೆ ಬಂದಾಗ ರಸ್ತೆ, ಚರಂಡಿಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ.